ಲೆಕ್ಕಕ್ಕೆ ಕನ್ನಡ ಬರೋದಿಲ್ಲವಂತೆ!

ಹೋದ ಭಾನುವಾರ ನಮ್ಮ ಕನ್ನಡ ಗೆಳೆಯರೆಲ್ಲ ಒಬ್ಬರ ಮನೆಯಲ್ಲಿ ಸೇರಿದ್ದೆವು. ಹೈದರಾಬಾದಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ಯಾವ ದಾರಿ ಹಿಡಿಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಊರಿನ ಮಳೆ, ಆಮೇಲೆ ಹೊಲದ ರೇಟು, ಆಮೇಲೆ ಅಮೆರಿಕದಲ್ಲಿರುವ ಮಗ. ಊಟ ಮುಗಿದು ಎಲೆಯಡಿಕೆ ತಟ್ಟೆ ಬರುವ ಹೊತ್ತಿಗೆ "ಕನ್ನಡ ಉಳಿಯುತ್ತಾ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಲವತ್ತು ವರ್ಷದಿಂದ ಈ ಊರಲ್ಲಿದ್ದೇನೆ, ಈ ಕ್ರಮ ತಪ್ಪಿದ್ದು ನೋಡಿಲ್ಲ.

ಈ ಸಲ ನಮ್ಮ ರಾಯರು (ಮೈಸೂರು ಕಡೆಯವರು, ರಿಟೈರಾದ ಇಂಜಿನಿಯರು, ಒಳ್ಳೆಯ ಮನುಷ್ಯ) ಒಂದು ತೀರ್ಪು ಕೊಟ್ಟರು. "ನೋಡಿ ಸಾರ್, ಕನ್ನಡ ಕಾವ್ಯಕ್ಕೆ ಚೆನ್ನ, ಜಗಳಕ್ಕೂ ಚೆನ್ನ. ಆದ್ರೆ ದೊಡ್ಡ ಗಣಿತ ಅದರಲ್ಲಿ ಆಗಲ್ಲ. ಜರ್ಮನ್ ಆದ್ರೆ ಬೇರೆ ಮಾತು. ಅದು ಹುಟ್ಟಿರೋದೇ ವಿಜ್ಞಾನಕ್ಕೆ." ರಾಯರ ಮೊಮ್ಮಗ ಹೋದ ವರ್ಷ ಎಂ.ಎಸ್. ಮಾಡಲು ಜರ್ಮನಿಗೆ ಹೋಗಿದ್ದಾನೆ. ಅವತ್ತಿನಿಂದ ಅವರಿಗೆ ಜರ್ಮನಿಯದೆಲ್ಲ ಚಂದ.

ನಾನಂದೆ: "ರಾಯರೇ, ಜರ್ಮನ್ ಹುಟ್ಟಿದ್ದು ವಿಜ್ಞಾನಕ್ಕಲ್ರೀ. ಒಂದು ಕಾಲಕ್ಕೆ ಅವರ ದೇಶದ ಪಂಡಿತರೇ ಅದು ಸಂತಿ ಭಾಷೆ, ಇಸ್ಕೂಲಿಗೆ ಬ್ಯಾಡ ಅಂತಿದ್ರು." ಅವರು ನಕ್ಕರು. ಅಷ್ಟರಲ್ಲಿ ಕಾಫಿ ಬಂತು, ಯಾರೋ ಕ್ರಿಕೆಟ್ ಎತ್ತಿದರು, ಮಾತು ಅಲ್ಲಿಗೇ ನಿಂತಿತು. ಅರ್ಧಕ್ಕೆ ನಿಂತ ಜಗಳ ಹೊಟ್ಟೆಯಲ್ಲಿ ಉಳಿದರೆ ನನಗೆ ನಿದ್ದೆ ಹತ್ತುವುದಿಲ್ಲ. ಆದ್ದರಿಂದ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಾಯರೂ ಇದನ್ನು ಓದುತ್ತಾರೆ, ನನಗೆ ಗೊತ್ತು.

ಕ್ರಿಸ್ಟಿಯಾನ್ ವೋಲ್ಫ್ ಎಂಬ ಹೆಸರು ಕೇಳಿದ್ದೀರಾ? ಹೆಚ್ಚಿನವರು ಕೇಳಿರುವುದಿಲ್ಲ. 1679ರಲ್ಲಿ ಬ್ರೆಸ್ಲೌ ಎಂಬ ಊರಲ್ಲಿ ಹುಟ್ಟಿದ, ಚರ್ಮ ಹದ ಮಾಡುವವನ ಮಗ. ಆ ಊರು ಈಗ ಪೋಲೆಂಡಿನಲ್ಲಿದೆ. ಆಗಿನ ಜರ್ಮನಿಯಲ್ಲಿ ಮನೆ, ಸಂತೆ, ಚರ್ಚಿನ ಉಪದೇಶ ಇವೆಲ್ಲ ಜರ್ಮನ್ನಿನಲ್ಲಿ. ವಿಶ್ವವಿದ್ಯಾಲಯದ ಬಾಗಿಲು ದಾಟಿದರೆ ಲ್ಯಾಟಿನ್. ಪಾಠ ಲ್ಯಾಟಿನ್, ಪುಸ್ತಕ ಲ್ಯಾಟಿನ್, ವಾದ ಲ್ಯಾಟಿನ್. ನಮ್ಮಲ್ಲಿ ಈಗ ಇಂಗ್ಲಿಷ್ ಹೇಗೋ ಹಾಗೆ. 1687ರಲ್ಲಿ ಲೈಪ್‌ಜಿಗ್‌ನಲ್ಲಿ ತೊಮಾಸಿಯುಸ್ ಎಂಬ ಮೇಷ್ಟ್ರು ಜರ್ಮನ್ನಿನಲ್ಲಿ ಉಪನ್ಯಾಸ ಮಾಡುತ್ತೇನೆಂದು ನೋಟೀಸು ಹಚ್ಚಿದ್ದೇ ಒಂದು ಹಗರಣವಾಯಿತು. ಅಂಥ ಕಾಲ.

ವೋಲ್ಫ್ ಕಲಿತದ್ದು ಗಣಿತ. ಲೈಬ್ನಿಟ್ಸ್‌ನ ಶಿಫಾರಸಿನಿಂದ 1706ರ ಹೊತ್ತಿಗೆ ಹಾಲೆ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾದ. ಅಲ್ಲಿ ಕೂತು ಅವನು ಮಾಡಿದ ಕೆಲಸ ನೋಡಿ. ಪಾಠವನ್ನು ಜರ್ಮನ್ನಿನಲ್ಲಿ ಹೇಳಿದ. 1710ರಲ್ಲಿ ಗಣಿತವಿದ್ಯೆಗಳೆಲ್ಲದರ ಮೊದಲ ಪಾಠಗಳನ್ನು ನಾಲ್ಕು ಭಾಗಗಳಲ್ಲಿ ಜರ್ಮನ್ನಿನಲ್ಲಿ ಬರೆದ. ಅಂಕಗಣಿತ, ರೇಖಾಗಣಿತ, ಬೀಜಗಣಿತದ ಜೊತೆಗೆ ಯಂತ್ರಶಾಸ್ತ್ರ, ಮನೆ ಕಟ್ಟುವುದು, ಕೋಟೆ ಕಟ್ಟುವುದು, ಫಿರಂಗಿ, ಖಗೋಳ ಎಲ್ಲವೂ ಅದರಲ್ಲಿ. 1716ರಲ್ಲಿ ಜರ್ಮನ್ನಿನಲ್ಲೇ ಒಂದು ಗಣಿತ ನಿಘಂಟು ಅಚ್ಚು ಹಾಕಿಸಿದ. ಪದ ಇಲ್ಲದ ಕಡೆ ಬಳಕೆಯ ಮಾತನ್ನೇ ತೆಗೆದುಕೊಂಡು ಅದಕ್ಕೆ ಒಂದೇ ಒಂದು ಅರ್ಥ ಕಟ್ಟಿ ಕೂರಿಸಿದ. ಪರಿಕಲ್ಪನೆ, ಪ್ರಜ್ಞೆ ಎಂಬ ಅರ್ಥಕ್ಕೆ ಇವತ್ತು ಜರ್ಮನರು ಆಡುವ ಪದಗಳು ಗಟ್ಟಿಯಾಗಿ ನೆಲೆನಿಂತದ್ದರಲ್ಲಿ ಇವನ ಕೈ ದೊಡ್ಡದು. ರಾಯರೇ, ನಿಮ್ಮ ಮೊಮ್ಮಗನ ಜರ್ಮನ್ ಆಕಾಶದಿಂದ ಉದುರಿದ್ದಲ್ಲ, ಒಬ್ಬ ಮೇಷ್ಟ್ರು ಕೂತು ಬರೆದದ್ದು!

ಇವನೇನು ಮಹಾ ಗಣಿತಜ್ಞನಾ ಅಂದರೆ, ಅಲ್ಲ. ಹೊಸ ಪ್ರಮೇಯ ಕಂಡುಹಿಡಿದವನೆಂದು ಯಾರೂ ಅವನನ್ನು ನೆನೆಯುವುದಿಲ್ಲ. ಯೂರೋಪಿನ ಪಂಡಿತರು ಓದಲಿ ಅಂತ ಲ್ಯಾಟಿನ್ನಿನಲ್ಲೂ ರಾಶಿರಾಶಿ ಬರೆದಿದ್ದಾನೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅವನು ಪಾಠದ ಮೇಷ್ಟ್ರು. ಅಂಥ ಮೇಷ್ಟ್ರು ಆಮೇಲೆ ವಿಶ್ವವಿದ್ಯಾಲಯದ ಗಾದಿ ಏರಿದ್ದು ಒಂದು ಸಿನಿಮಾ ಕತೆ.

1721ರಲ್ಲಿ ಅವನು ವಿಶ್ವವಿದ್ಯಾಲಯದ ಆಡಳಿತದ ಹುದ್ದೆಯನ್ನು ಮುಂದಿನವನಿಗೆ ಒಪ್ಪಿಸುವಾಗ ಒಂದು ಭಾಷಣ ಮಾಡಿದ. ಚೀನದ ಕನ್‌ಫ್ಯೂಶಿಯಸ್‌ನನ್ನು ಹೊಗಳಿದ. ಯೇಸುವಿನ ಹೆಸರು ಕೇಳದವರೂ ನೀತಿವಂತರಾಗಿ ಬಾಳಬಹುದು ಎಂದು ಅದರರ್ಥ. ಅಲ್ಲಿನ ಮಡಿವಂತ ಪಾದ್ರಿ-ಪ್ರಾಧ್ಯಾಪಕರಿಗೆ ಮೈ ಉರಿಯಿತು. ಅವರು ಪ್ರಶ್ಯದ ದೊರೆ ಫ್ರೆಡ್ರಿಕ್ ವಿಲ್ಹೆಲ್ಮನ ಕಿವಿ ಊದಿದರು. ಎಲ್ಲಕ್ಕೂ ಕಾರಣ ಮೊದಲೇ ನಿಶ್ಚಯವಾಗಿದೆ ಅನ್ನುತ್ತಾನೆ ಈತ, ಹಾಗಾದರೆ ಸೈನ್ಯ ಬಿಟ್ಟು ಓಡಿಹೋದ ಸಿಪಾಯಿಗೆ ಶಿಕ್ಷೆ ಕೊಡುವುದು ಹೇಗೆ, ಅಂತ. ಆ ದೊರೆಗೆ ಸಿಪಾಯಿಗಳೆಂದರೆ ಪ್ರಾಣ. 1723ರ ನವೆಂಬರಿನಲ್ಲಿ ಅಪ್ಪಣೆ ಬಂತು: 48 ಗಂಟೆಯೊಳಗೆ ರಾಜ್ಯ ಬಿಡು, ಇಲ್ಲದಿದ್ದರೆ ನೇಣು. ವೋಲ್ಫ್ ಮಾರ್ಬುರ್ಗಿಗೆ ಹೋದ. ಅಲ್ಲಿ ಹದಿನೇಳು ವರ್ಷ. ರಷ್ಯದಿಂದ ಲೊಮೊನೊಸೊವ್ ಎಂಬ ಮೀನುಗಾರನ ಮಗ ಬಂದು ಅವನಲ್ಲಿ ಓದಿದ, ತಿರುಗಿ ಹೋಗಿ ಅವನ ಭೌತವಿಜ್ಞಾನದ ಸಂಗ್ರಹವೊಂದನ್ನು 1746ರಲ್ಲಿ ರಷ್ಯನ್ನಿಗೆ ತಂದ. ರೋಗ ಅಂಟುವ ಹಾಗೆ ಇದೂ ಅಂಟುತ್ತದೆ ನೋಡಿ.

ದೊರೆ ಸತ್ತ. ಮಗ ಫ್ರೆಡ್ರಿಕ್ ಪಟ್ಟಕ್ಕೆ ಬಂದವನೇ ವೋಲ್ಫನನ್ನು ಕರೆಸಿಕೊಂಡ. 1740ರ ಡಿಸೆಂಬರಿನಲ್ಲಿ ಅವನು ಹಾಲೆಗೆ ಮರಳಿದಾಗ ಊರೇ ಬೀದಿಗೆ ಬಂದಿತ್ತಂತೆ. 1743ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಚಾನ್ಸಲರ್ ಆದ. 1754ರಲ್ಲಿ ತೀರಿಕೊಂಡ. ಗಾದಿಗೆ ಬಂದ ಮೇಲೆ ಅವನ ತರಗತಿಗೆ ಮೊದಲಿನಷ್ಟು ಹುಡುಗರು ಬರುತ್ತಿರಲಿಲ್ಲ ಅಂತಲೂ ಹೇಳುತ್ತಾರೆ. ಇರಲಿ. ಅಷ್ಟು ಹೊತ್ತಿಗೆ ಅವನ ಪುಸ್ತಕ ಜರ್ಮನಿಯ ತುಂಬ ಹರಡಿತ್ತು.

ಇದೆಲ್ಲ ಆದ ಮೇಲೂ 1801ರಲ್ಲಿ ಗೌಸ್ ತನ್ನ ಸಂಖ್ಯಾಶಾಸ್ತ್ರದ ಮಹಾಗ್ರಂಥ ಬರೆದದ್ದು ಲ್ಯಾಟಿನ್ನಿನಲ್ಲಿ. ಅಂದರೆ ಭಾಷೆ ಒಂದು ತಲೆಮಾರಿನಲ್ಲಿ ಗೆಲ್ಲುವುದಿಲ್ಲ. ಆದರೆ ಇನ್ನೊಂದು ನೂರು ವರ್ಷ ಕಳೆಯುವಷ್ಟರಲ್ಲಿ ಗಣಿತ ಮಾಡಬೇಕೆಂದರೆ ಜಗತ್ತಿನವರು ಜರ್ಮನ್ ಕಲಿಯಬೇಕಾಗಿ ಬಂತು. ಹಾಗೆ ಕಲಿಯಲು ಹೋದವರಲ್ಲಿ ಒಬ್ಬ ನಮ್ಮ ಹೈದರಾಬಾದಿನ ಹುಡುಗ. ಈಗ ನಮ್ಮೂರಿಗೆ ಬರೋಣ.

ರಜಿಉದ್ದೀನ್ ಸಿದ್ದೀಕಿ, ಹುಟ್ಟಿದ್ದು 1908, ಇದೇ ಊರಲ್ಲಿ. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದ ಮೊದಮೊದಲ ತಂಡಗಳಲ್ಲಿ. ಗಣಿತ ಕಲಿತದ್ದು ಉರ್ದುವಿನಲ್ಲಿ, ಇಂಗ್ಲಿಷು ಬರೀ ಒಂದು ಭಾಷೆಯಾಗಿ. ಅಲ್ಲಿಂದ ಕೇಂಬ್ರಿಜ್, ಆಮೇಲೆ ಲೈಪ್‌ಜಿಗ್. ಹೌದು, ತೊಮಾಸಿಯುಸ್ ನೋಟೀಸು ಹಚ್ಚಿದ ಅದೇ ಲೈಪ್‌ಜಿಗ್! ಆಗ ಅಲ್ಲಿ ಹೈಸನ್‌ಬರ್ಗ್ ಪ್ರಾಧ್ಯಾಪಕನಾಗಿದ್ದ ಕಾಲ. ಉರ್ದುವಿನಲ್ಲಿ ಕ್ಯಾಲ್ಕ್ಯುಲಸ್ ಕಲಿತ ಹುಡುಗ ಅಲ್ಲಿ ಡಾಕ್ಟರೇಟು ಪಡೆದು, 1930ರ ದಶಕದ ಮೊದಲಲ್ಲಿ ತಿರುಗಿ ಬಂದು ಉಸ್ಮಾನಿಯಾದಲ್ಲಿ ಗಣಿತದ ಪ್ರಾಧ್ಯಾಪಕನಾದ. ಐನ್‌ಸ್ಟೈನನ ಸಾಪೇಕ್ಷತೆಯ ಮೇಲೆ ಉರ್ದುವಿನಲ್ಲಿ ಪುಸ್ತಕ ಬರೆದ. ಮುಂದೆ ಉಸ್ಮಾನಿಯಾಕ್ಕೆ ಕುಲಪತಿಯೂ ಆದ. 1950ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಪೇಶಾವರ, ಸಿಂಧ್ ವಿಶ್ವವಿದ್ಯಾಲಯಗಳನ್ನು ನಡೆಸಿ, 1967ರಲ್ಲಿ ಶುರುವಾದ ಇಸ್ಲಾಮಾಬಾದ್ ವಿಶ್ವವಿದ್ಯಾಲಯದ (ಈಗ ಕಾಯ್ದೆ ಆಜಮ್ ವಿಶ್ವವಿದ್ಯಾಲಯ) ಮೊದಲ ಕುಲಪತಿಯಾದ. 1998ರಲ್ಲಿ ತೀರಿಕೊಂಡ. ಗಡಿ ದಾಟಿದ ಎಂಬ ಒಂದೇ ಕಾರಣಕ್ಕೆ ಈ ಊರು ಅವನನ್ನು ಮರೆತಿದೆ. ಆರ್ಟ್ಸ್ ಕಾಲೇಜಿನ ಮುಂದೆ ಚಹಾ ಕುಡಿಯುವ ಹುಡುಗರನ್ನು ಕೇಳಿ ನೋಡಿ, ಒಬ್ಬನಾದರೂ ಹೆಸರು ಹೇಳಿದರೆ ಇರಾನಿ ಚಹಾ ನನ್ನ ಲೆಕ್ಕ.

ಇದು ಸಾಧ್ಯವಾದದ್ದು ಹೇಗೆ? ಉರ್ದು ಗಣಿತಕ್ಕೇ ಹುಟ್ಟಿದ ಭಾಷೆಯೆಂದೇ? ಅದನ್ನೂ ಆಗಿನವರು ಗಜಲ್ ಹಾಡುವ ಭಾಷೆ ಅಂತಲೇ ಅನ್ನುತ್ತಿದ್ದರು. ನಿಜಾಮ ಏನು ಮಾಡಿದ ನೋಡಿ. 1917ರಲ್ಲಿ ಮೊದಲು ಅನುವಾದ ಕಚೇರಿ ತೆಗೆದ, ದಾರುಲ್ ತರ್ಜುಮಾ ಅಂತ. ಸಂಬಳ ಕೊಟ್ಟು ವಿದ್ವಾಂಸರನ್ನು ಕೂರಿಸಿದ. ಪದ ಕಟ್ಟಲು ಸಮಿತಿ, ಪುಸ್ತಕ ಅಚ್ಚು ಹಾಕಲು ದುಡ್ಡು. ಪುಸ್ತಕಗಳು ಸಿದ್ಧವಾಗತೊಡಗಿದ ಮೇಲೆ 1919ರಲ್ಲಿ ಕಾಲೇಜಿನ ತರಗತಿ. ನೂರಾರು ಪುಸ್ತಕಗಳು ಬಂದವು. ಓದಿ ಹೊರಬಂದವನಿಗೆ ಸರ್ಕಾರದ ನೌಕರಿಯೂ ಅದೇ ಭಾಷೆಯಲ್ಲಿ ಕಾದಿತ್ತು. ಮೊದಲು ಪುಸ್ತಕ, ಆಮೇಲೆ ಮೇಷ್ಟ್ರು, ಆಮೇಲೆ ಹುಡುಗ, ಕೊನೆಗೆ ನೌಕರಿ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಹೊಗಳಿದ ಮೇಲೆ ನಮ್ಮ ಕಡೆಯ ಹಿರಿಯರು ನನ್ನ ಕಿವಿ ಹಿಂಡುತ್ತಾರೆ. ಹಿಂಡಬೇಕಾದ್ದೇ. ಯಾಕೆಂದರೆ ಆ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಜನ ತೆಲುಗರು, ಕಾಲು ಭಾಗ ಮರಾಠಿಗರು, ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು ನಾವು. ಉರ್ದು ಮನೆಮಾತಿನವರೂ ಸುಮಾರು ನಮ್ಮಷ್ಟೇ. ಖಜಾನೆಯ ದುಡ್ಡು ಎಲ್ಲರದು, ಪುಸ್ತಕ ಒಂದೇ ಭಾಷೆಯದು. ಕನ್ನಡವನ್ನು ಉಸ್ಮಾನಿಯಾದಲ್ಲಿ ಒಂದು ವಿಷಯವಾಗಿ ಓದಬಹುದಿತ್ತು, ಕನ್ನಡದಲ್ಲಿ ಲೆಕ್ಕ ಓದುವಂತಿರಲಿಲ್ಲ.

ನಮ್ಮಪ್ಪ ಸೇಡಂ ಕಡೆಯ ಹಳ್ಳಿಯಿಂದ ನಡೆದುಹೋಗಿ ಮೆಟ್ರಿಕ್ ಓದಿದವರು, ಉರ್ದುವಿನಲ್ಲಿ. ಜಮಾ, ತಫ್ರೀಖ್, ಜರ್ಬ್, ತಕ್ಸೀಮ್ ಅಂತಲೇ ಕೊನೆಯತನಕ ಕೂಡಿಸಿ ಕಳೆದು ಗುಣಿಸಿ ಭಾಗಿಸಿದರು. "ಮೊದಲ ದಿನ ಮಾಸ್ತರು ಮುಸಲ್ಲಸ್ ತೆಗಿರಿ ಅಂದ್ರು. ನಾ ಮುಸುರಿ ತೆಗಿ ಅಂದ್ರೇನೋ ಅಂತ ಎದ್ದು ನಿಂತ್ನೆಪಾ" ಅಂತ ನಗುತ್ತಿದ್ದರು. ಮುಸಲ್ಲಸ್ ಅಂದರೆ ತ್ರಿಕೋನ. ಅಪ್ಪ ನಗುತ್ತಿದ್ದರು, ಆದರೆ ಅವರ ಅಣ್ಣ, ನಮ್ಮ ದೊಡ್ಡಪ್ಪ, ಅದೇ ಮುಸಲ್ಲಸ್ ತಿಳಿಯದೆ ಎರಡನೇ ವರ್ಷಕ್ಕೇ ಶಾಲೆ ಬಿಟ್ಟು ಎತ್ತಿನ ಹಿಂದೆ ಹೋದವರು. ಬಾಯಿಲೆಕ್ಕದಲ್ಲಿ ಅಪ್ಪನಿಗಿಂತ ಚುರುಕು. ಸಂತೆಯಲ್ಲಿ ತೊಗರಿಯ ಚೀಲ ನೋಡಿದರೆ ತೂಕ, ದರ, ದಲಾಲಿ ಕಳೆದು ಕೈಗೆ ಬರುವ ದುಡ್ಡು ಇಷ್ಟು ಅಂತ ನಿಂತಲ್ಲೇ ಹೇಳುತ್ತಿದ್ದರು. ದೊಡ್ಡಪ್ಪನಿಗೆ ಲೆಕ್ಕ ಬರುತ್ತಿರಲಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆದ್ದರಿಂದ ರಾಯರೇ, ಉಸ್ಮಾನಿಯಾದ ಕತೆಯಲ್ಲಿ ಎರಡು ಮಾತಿವೆ. ರಾಜ್ಯ ಮನಸ್ಸು ಮಾಡಿದರೆ ನಮ್ಮ ದೇಶದ ಭಾಷೆಯಲ್ಲೂ ಕಲಿತು ಲೈಪ್‌ಜಿಗ್ ಮುಟ್ಟಬಹುದು ಎಂಬುದೊಂದು. ರಾಜ್ಯ ಮನಸ್ಸು ಮಾಡದ ಭಾಷೆಯ ಮಗು ಎತ್ತಿನ ಹಿಂದೆ ಹೋಗುತ್ತದೆ ಎಂಬುದು ಇನ್ನೊಂದು. ನೀವು ಎರಡನೆಯದನ್ನು ನೋಡಿ ಮಗುವಿನ ಭಾಷೆಯನ್ನೇ ಬೈಯುತ್ತಿದ್ದೀರಿ.

"ಅದು ನಿಜಾಮನ ಕಾಲ, ಆಮೇಲೆ ನಮ್ಮದೇ ರಾಜ್ಯ ಬಂತಲ್ಲ" ಅನ್ನುತ್ತೀರಿ. ಬಂತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಯಿತು, ಉಸ್ಮಾನಿಯಾ ಇಂಗ್ಲಿಷಿಗೆ ತಿರುಗಿತು. 1956ರಲ್ಲಿ ಕಲಬುರಗಿ, ರಾಯಚೂರು, ಬೀದರ ಕನ್ನಡನಾಡಿಗೆ ಸೇರಿದವು, ಅಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬಂದವು. ಆಗ ಆ ಗಾದಿಯ ಮೇಲೆ ಯಾರಿದ್ದರು ಗೊತ್ತೇ? ಇನ್ನೊಬ್ಬ ಗಣಿತಜ್ಞ, ಡಿ.ಸಿ. ಪಾವಟೆ. ಗೋಕಾಕ ತಾಲ್ಲೂಕಿನ ಮಮದಾಪುರದವರು, 1899ರಲ್ಲಿ ಹುಟ್ಟಿದವರು, ಕೇಂಬ್ರಿಜ್‌ನ ಗಣಿತದಲ್ಲಿ ರ್‍ಯಾಂಗ್ಲರ್ ಆದವರು. 1954ರಿಂದ 1967ರವರೆಗೆ ಹದಿಮೂರು ವರ್ಷ ಕುಲಪತಿ! ಆಮೇಲೆ ಪಂಜಾಬಿಗೆ ರಾಜ್ಯಪಾಲರಾಗಿ ಹೋದರು. ಧಾರವಾಡದ ಆ ಗುಡ್ಡದ ಮೇಲಿನ ಕಟ್ಟಡಗಳು, ವಿಭಾಗಗಳು ಎದ್ದದ್ದು ಬಹುಮಟ್ಟಿಗೆ ಅವರ ಕಾಲದಲ್ಲಿ. ನಮ್ಮ ಕಡೆಯ ಬಡ ಹುಡುಗರು ಡಿಗ್ರಿ ಕಂಡದ್ದು ಅದರಿಂದಲೇ. ಆ ಋಣ ನಾನು ಮರೆಯುವವನಲ್ಲ.

ಅದೇ 1956ರಲ್ಲಿ ಮೈಸೂರಿನಲ್ಲಿ ಕುವೆಂಪು ಕುಲಪತಿಯಾದರು, 1960ರವರೆಗೆ ಇದ್ದರು. ವಿಜ್ಞಾನವನ್ನೂ ಕನ್ನಡದಲ್ಲೇ ಕಲಿಸಬೇಕೆಂದು ಪಟ್ಟು ಹಿಡಿದವರು ಅವರು. ಒಂದು ಕಡೆ ಕವಿ, ಇನ್ನೊಂದು ಕಡೆ ಗಣಿತಜ್ಞ, ಎರಡು ಗಾದಿಗಳು, ಹೊಸದಾಗಿ ಒಂದಾದ ನಾಡು. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿತ್ತೇ? ಕವಿಯ ಹಟವೂ ಗಣಿತಜ್ಞನ ಪಾಂಡಿತ್ಯವೂ ಒಂದೇ ಕಡೆ ಸೇರಿದ್ದರೆ ನಮ್ಮ ವೋಲ್ಫ್ ಆಗ ಹುಟ್ಟುತ್ತಿದ್ದ. ಸೇರಲಿಲ್ಲ. ಗಣಿತದ ಮೇಲಿನ ತರಗತಿಗಳು ಧಾರವಾಡದಲ್ಲೂ ಮೈಸೂರಿನಲ್ಲೂ ಇಂಗ್ಲಿಷಿನಲ್ಲೇ ಉಳಿದವು. ಪಾವಟೆಯವರನ್ನು ದೂರುವುದು ನನಗೆ ಕಷ್ಟ, ಆದರೂ ಹೇಳುತ್ತೇನೆ: ಒಬ್ಬ ರ್‍ಯಾಂಗ್ಲರಿನ ಹದಿಮೂರು ವರ್ಷದಲ್ಲಿ ನಮಗೆ ವಿಶ್ವವಿದ್ಯಾಲಯ ಸಿಕ್ಕಿತು, ಕನ್ನಡದಲ್ಲಿ ಗಣಿತದ ಎಂ.ಎಸ್ಸಿ. ಸಿಗಲಿಲ್ಲ. ಆ ನಂತರ ಗಾದಿಗೆ ಬಂದವರು ಭಾಷಣದಲ್ಲಿ ಕನ್ನಡ ಕಲಿಸಿ ಎಂದರು, ತಾವು ಪಾಠ ಹೇಳಿದ್ದನ್ನು ಕನ್ನಡದಲ್ಲಿ ಬರೆದಿಟ್ಟವರು ಎಷ್ಟು ಮಂದಿ, ನೀವೇ ಎಣಿಸಿ.

ಈಗಿನ ಮಾತಿಗೆ ಬರೋಣ. 2021ರಲ್ಲಿ ಎಐಸಿಟಿಇಯವರು ಇಂಜಿನಿಯರಿಂಗನ್ನು ದೇಶಭಾಷೆಗಳಲ್ಲಿ ಕಲಿಸಬಹುದು ಅಂದರು. ಕರ್ನಾಟಕದ ಕೆಲವು ಕಾಲೇಜುಗಳಲ್ಲಿ ಕನ್ನಡ ಮಾಧ್ಯಮದ ಸೀಟು ತೆರೆದರು. ಬೆರಳೆಣಿಕೆಯ ಹುಡುಗರೂ ಕಷ್ಟಕ್ಕೆ ಸಿಕ್ಕರು. ರಾಯರಂಥವರು ಕೂಡಲೇ "ನೋಡಿ, ಯಾರಿಗೂ ಬೇಡ" ಎಂದು ಚಪ್ಪಾಳೆ ತಟ್ಟಿದರು. ಅಲ್ಲ ಸ್ವಾಮಿ, ನಿಜಾಮನ ಕ್ರಮ ನೆನಪಿದೆಯಲ್ಲ? ಮೊದಲು ಪುಸ್ತಕ. ಇಲ್ಲಿ ಮೊದಲು ಸೀಟು ಬಂತು. ನಾಲ್ಕು ವರ್ಷಕ್ಕೆ ಸಾಲುವ ಪುಸ್ತಕ ಎಲ್ಲಿ? ಕನ್ನಡದಲ್ಲಿ ಆ ಪಾಠ ಹೇಳಿ ಪಳಗಿದ ಮೇಷ್ಟ್ರು ಎಲ್ಲಿ? ಕೊನೆಗೆ ಕಂಪನಿಯವರು ಇಂಟರ್‌ವ್ಯೂ ಮಾಡುವುದು ಯಾವ ಭಾಷೆಯಲ್ಲಿ? ಒಲೆ ಹಚ್ಚದೆ ಎಲೆ ಹಾಕಿ, ಊಟಕ್ಕೆ ಜನ ಬರಲಿಲ್ಲ ಅಂದರೆ? ನಾನು ಆ ಹುಡುಗರ ತಂದೆಯಾಗಿದ್ದರೂ ಸೇರಿಸುತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ಸಮಾಧಾನವಿಲ್ಲ. ನಾವು ರೈಲಿನಲ್ಲಿ ಊರಿಗೆ ಹೋಗುವಾಗ ತಾಂಡೂರು ದಾಟಿ, ಸೇಡಂ ದಾಟಿದರೆ ಮಳಖೇಡ ರೋಡ್ ಎಂಬ ಸಣ್ಣ ಸ್ಟೇಶನ್ ಬರುತ್ತದೆ. ಹೆಚ್ಚಿನವರು ಅಷ್ಟರಲ್ಲಿ ಬುತ್ತಿ ಬಿಚ್ಚಿರುತ್ತಾರೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಅವನ ಆಶ್ರಯದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ, ಸಂಸ್ಕೃತದಲ್ಲಿ. ಹನ್ನೊಂದನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ನನ್ನ ತೆಲುಗು ಗೆಳೆಯರು ಇದನ್ನು ಹೆಮ್ಮೆಯಿಂದ ಹೇಳುವಾಗ ನಾನು ಚಹಾದ ಕಪ್ಪು ನೋಡುತ್ತಾ ಕೂರಬೇಕು. ನಮ್ಮಲ್ಲಿ ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ' ಬರೆದ, ಅದು ನಮ್ಮ ಪುಣ್ಯ. ಮಹಾವೀರನ ಪುಸ್ತಕ ಕನ್ನಡ ಅನುವಾದದೊಂದಿಗೆ ಅಚ್ಚಾಗಿ ಬಂದದ್ದು 2000ದಲ್ಲಿ, ಮೈಸೂರಿನ ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರ ದುಡಿಮೆಯಿಂದ, ಹೊಂಬುಜದ ಜೈನಮಠದ ಗ್ರಂಥಮಾಲೆಯಲ್ಲಿ. ನೋಡಿದಿರಾ, ಗಣಿತದ ಒಬ್ಬ ಮೇಷ್ಟರಮ್ಮ ಕೂತು ಬರೆದರೆ ಬರುತ್ತದೆ. ಕನ್ನಡಕ್ಕೆ ಆಗಲ್ಲ ಎಂಬ ಮಾತು ಆಗ ಎಲ್ಲಿ ಹೋಯಿತು?

ಈಗ ನನ್ನನ್ನೇ ಕೇಳುವಿರಿ: ನಿನ್ನ ಮಕ್ಕಳು? ಇಬ್ಬರೂ ಇಂಗ್ಲಿಷ್ ಮೀಡಿಯಂ. ಕಾಚಿಗುಡದಲ್ಲಿ ಕನ್ನಡ ಶಾಲೆ ಇತ್ತು, ಕಳಿಸಲಿಲ್ಲ. ನೌಕರಿ ಎಲ್ಲಿದೆಯೋ ಅಲ್ಲಿಗೆ ಕಳಿಸಿದೆ. ಅಪ್ಪನೂ ನನ್ನಜ್ಜನ ಮಾತು ಕೇಳಿ ಅದನ್ನೇ ಮಾಡಿದ್ದರು, ಆಗ ನೌಕರಿ ಉರ್ದುವಿನಲ್ಲಿತ್ತು. ಹಾಗಾಗಿ ಮಕ್ಕಳನ್ನು ಕನ್ನಡ ಶಾಲೆಗೇ ಕಳಿಸಿ ಅಂತ ನಾನು ಯಾರಿಗೂ ಹೇಳುವವನಲ್ಲ. ನನ್ನ ತಕರಾರು ಅಪ್ಪ-ಅಮ್ಮಂದಿರ ಮೇಲೆ ಇಲ್ಲ. ಗಾದಿಯ ಮೇಲೆ ಕೂತು, ಖಜಾನೆ ಕೀಲಿ ಹಿಡಿದು, ಒಂದು ಪುಸ್ತಕವನ್ನೂ ಬರೆಸದೆ ಇಳಿದು ಹೋದವರ ಮೇಲೆ ಇದೆ. ಅವರ ಸೋಮಾರಿತನವನ್ನು ಕನ್ನಡದ ಕೈಲಾಗದತನ ಎಂದು ನಾವೇ ಊಟದ ಪಂಕ್ತಿಯಲ್ಲಿ ಕೂತು ಸಾರುವುದಿದೆಯಲ್ಲ, ಅದರ ಮೇಲೆ ಇನ್ನೂ ಹೆಚ್ಚು.

ಅಪ್ಪನ ಒಂದು ನೋಟ್‌ಬುಕ್ ನನ್ನ ಹತ್ತಿರ ಉಳಿದಿದೆ. ಬಲದಿಂದ ಎಡಕ್ಕೆ ಉರ್ದು, ನಡುನಡುವೆ ವೃತ್ತ, ಕೋನ. ಒಂದೊಂದು ಚಿತ್ರದ ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಮಾಸ್ತರಿಗೆ ಕಾಣಬಾರದೆಂಬಂತೆ, ಸಣ್ಣ ಕನ್ನಡ ಅಕ್ಷರ: ಜಾವಿಯಾ ಅಂದ್ರ ಮೂಲಿ. ಖುತ್ರ್ ಅಂದ್ರ ನಡುಗೆರಿ. ಹದಿನಾಲ್ಕು ವರ್ಷದ ಹುಡುಗ, ಯಾರೂ ಹೇಳದೆ, ತನ್ನಷ್ಟಕ್ಕೆ ತಾನೇ ಪದ ಕಟ್ಟಿಕೊಂಡಿದ್ದ. ಮುಂದಿನ ಭಾನುವಾರ ಅದನ್ನು ತೆಗೆದುಕೊಂಡು ಹೋಗುತ್ತೇನೆ. ರಾಯರೇ, ಕನ್ನಡಕ ಮರೆಯದೆ ತನ್ನಿ, ಪೆನ್ಸಿಲ್ ಬಹಳ ಮಾಸಿದೆ.